ತೇಲಿಬಂದ ಹುಲ್ಲು

ಬದರಿನಾಥರು ಮೂವತ್ತು ವರ್ಷ ನಕ್ಷೆ ಬರೆದವರು. ಆರ್ಕಿಟೆಕ್ಟ್ ಆಫೀಸಿನ ಕೆಲಸ ಬಿಟ್ಟ ಮೇಲೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಕೈಲಾಸ್ ಎಂಬವನ ಅಕ್ವೇರಿಯಂ ಅಂಗಡಿ ಸೇರಿ, ಗಿರಾಕಿಗಳ ಗಾಜಿನ ತೊಟ್ಟಿಗಳಲ್ಲಿ ಗಿಡ ನೆಟ್ಟುಕೊಡುತ್ತಿದ್ದರು. ಕೈಲಾಸನಿಗೆ ಮೀನು ಮಾರುವುದಷ್ಟೇ ಗೊತ್ತಿತ್ತು. ನೆಡುವುದನ್ನು ಕಲಿಸಿದವರು ಇವರೇ.

ತೊಟ್ಟಿಯ ಮುಂಭಾಗದ ಹುಲ್ಲು ಬಲು ಕಷ್ಟದ್ದು. ಕೂದಲಿನಂಥ ನಾಲ್ಕೈದು ಎಳೆಗಳನ್ನು ಉದ್ದನೆಯ ಚಿಮಟದಲ್ಲಿ ಹಿಡಿದು, ಮರಳಿಗೆ ಓರೆಯಾಗಿ ಇಳಿಸಿ, ತುದಿ ಮಾತ್ರ ಮೇಲುಳಿಯುವಂತೆ ಬಿಟ್ಟು, ಚಿಮಟವನ್ನು ಮೆಲ್ಲಗೆ ಸಡಿಲಿಸಿ ಹೊರಗೆಳೆಯಬೇಕು. ಕೈ ಒಂದಿಷ್ಟು ಅಲುಗಿದರೂ ಹುಲ್ಲು ಅದರ ಜೊತೆಗೇ ಎದ್ದು ಬರುತ್ತದೆ.

ಅರವತ್ತೆರಡನೇ ವಯಸ್ಸಿಗೆ ಅವರ ಬಲಗೈ ನಡುಗತೊಡಗಿತು. ನರದ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಹೆಂಡತಿ ವಾರಿಜಾ ಬಿಟ್ಟರೆ ಕೈಲಾಸನಿಗೊಬ್ಬನಿಗೆ ಹೇಳಿದರು. ಮಗಳು ಇಂಚರಳಿಗೆ ಹೇಳಲಿಲ್ಲ. ಮನೆಯಲ್ಲಿ ಕೈಯನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

ಒಂದು ಭಾನುವಾರ ಕೈಲಾಸ್ ಅಂಗಡಿಯಲ್ಲಿ ಗಿರಾಕಿಗಳನ್ನು ಸೇರಿಸಿ, ನೆಡುವುದನ್ನು ತೋರಿಸಲು ಅವರನ್ನು ಕರೆದ.

"ಇವತ್ತು ಕೈ ಸರಿಯಿಲ್ಲ ಕಣಪ್ಪ. ನೀನೇ ಮಾಡು."

"ಕೂತ್ಕೊಳಿ ಸಾರ್. ನಿಮ್ಮಷ್ಟು ಚೆನ್ನಾಗಿ ಯಾರು ನೆಡ್ತಾರೆ?" ಎಂದ ಕೈಲಾಸ್, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ.

ಮೊದಲ ಎಳೆ ತೇಲಿತು. ಎರಡನೆಯದೂ ತೇಲಿತು. ಚಿಮಟ ಗಾಜಿಗೆ ಟಕಟಕ ಬಡಿಯುತ್ತಿತ್ತು. "ಅಂಕಲ್, ಚಳೀನಾ?" ಎಂದು ಯಾರೋ ಕೇಳಿದರು, ಉಳಿದವರು ನಕ್ಕರು. ನಲವತ್ತು ನಿಮಿಷ ಕಳೆದರೂ ಕೈಲಾಸ್ ಸಾಕು ಎನ್ನಲಿಲ್ಲ. ನೀರೆಲ್ಲ ಬಗ್ಗಡವಾದ ಮೇಲೆ ಅಂಗಿಯ ತೋಳು ಮಡಚಿಕೊಂಡು, ತಾನೇ ಪಕ್ಕದ ತೊಟ್ಟಿಯಲ್ಲಿ ಹತ್ತೇ ನಿಮಿಷಕ್ಕೆ ಒಂದು ಸಾಲು ನೆಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರು ದಿನದ ನಂತರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಇಂಚರ ಫೋನು ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮ, ನೋಡಿಲ್ಲಿ. ಸಖತ್ತಾಗಿದೆ." ಎರಡು ಕೈಗಳ ವಿಡಿಯೊ ಅದು. ನಡುಗುವ ಕೈಯ ಕೆಳಗೆ 'ಹೀಗೆ ನೆಟ್ಟರೆ ತೇಲತ್ತೆ' ಎಂದು, ಇನ್ನೊಂದರ ಕೆಳಗೆ 'ಹೀಗೆ ನೆಟ್ಟರೆ ನಿಲ್ಲತ್ತೆ' ಎಂದು ಬರೆದಿತ್ತು. ಹಿಂದೆ ತಮಾಷೆಯ ಸಂಗೀತ.

ವಾರಿಜಾ ತಟ್ಟೆ ಕೆಳಗಿಟ್ಟರು. "ಆಫ್ ಮಾಡು. ನಿಮ್ಮಪ್ಪನ ಕೈ ಕಣೇ ಅದು."

ಬಾಗಿಲಲ್ಲೇ ನಿಂತಿದ್ದ ಬದರಿನಾಥರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

"ಅದನ್ನ ತೆಗೆದುಬಿಡು ಕೈಲಾಸ್."

"ಮುಖ ಎಲ್ಲಿ ಕಾಣತ್ತೆ ಸಾರ್? ಯಾರಿಗೆ ಗೊತ್ತಾಗತ್ತೆ?"

"ನನ್ನ ಮಗಳಿಗೇ ಗೊತ್ತಾಗ್ಲಿಲ್ಲ."

"ನೋಡಿದ್ರಾ? ನಾನೂ ಅದನ್ನೇ ಹೇಳ್ತಿರೋದು. ಮುಂದಿನ ಭಾನುವಾರ ಇನ್ನೊಂದು ಮಾಡೋಣ. ಜನ ಕೇಳ್ತಿದಾರೆ."

ಬದರಿನಾಥರು ಅಂಗಡಿಯ ಮೆಟ್ಟಿಲಿಳಿದು ಬಂದುಬಿಟ್ಟರು. ಮನೆಗೆ ಬಂದವರು ನೇರ ಹಜಾರದಲ್ಲಿದ್ದ ತಮ್ಮ ಗಾಜಿನ ತೊಟ್ಟಿಗೆ ಕೈಹಾಕಿ, ಮೂರು ವರ್ಷದಿಂದ ಹಬ್ಬಿದ್ದ ಹುಲ್ಲನ್ನು ಬೇರುಸಮೇತ ಕಿತ್ತರು. ಚಿಮಟವನ್ನು ಇಂಚರಳ ಮುಂದಿಟ್ಟು, "ನೆಡು" ಎಂದರು.

ಅವಳು ನೆಟ್ಟಳು. ತೇಲಿತು.

"ಮತ್ತೆ ನೆಡು. ನಗು ಬರತ್ತಲ್ಲ, ನಕ್ಕೊಂಡೇ ನೆಡು."

"ನಂಗೆ ಯಾರೂ ಹೇಳ್ಲೇ ಇಲ್ವಲ್ಲಪ್ಪ," ಎಂದು ಅವಳು ಅತ್ತಳು. "ಸಾಕು ಬಿಡಿ ರೀ," ಎಂದು ವಾರಿಜಾ ಎರಡು ಸಲ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಇಂಚರಳ ಬೆರಳುಗಳು ನೀರಿನಲ್ಲಿ ಸುಕ್ಕುಗಟ್ಟಿದ್ದವು. ಒಂದು ಗೇಣು ಸಾಲು ನೆಟ್ಟಗೆ ನಿಂತಿತ್ತು. ಒಪ್ಪವಾಗಿಯೇ ನೆಟ್ಟಿದ್ದಳು. ಅದು ಬದರಿನಾಥರ ಕಣ್ಣಿಗೂ ಬಿತ್ತು. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಅದನ್ನು ಅವಳೆದುರಿಗೇ ಕಿತ್ತುಹಾಕಿದರು.

ಮುಂದಿನ ತಿಂಗಳು ಇಂಚರ ಬಿಟಿಎಂ ಲೇಔಟಿನಲ್ಲಿ ಪಿ.ಜಿ.ಯೊಂದರಲ್ಲಿ ರೂಮು ಹಿಡಿದಳು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಅಮ್ಮನಿಗೆ. ತೊಟ್ಟಿಯಲ್ಲಿ ಬರೀ ಮರಳಿದೆ. ಮೀನುಗಳಿಗೆ ವಾರಿಜಾ ಕಾಳು ಹಾಕುತ್ತಾರೆ. ಬದರಿನಾಥರು ಆ ಕಡೆ ಕುರ್ಚಿ ತಿರುಗಿಸುವುದಿಲ್ಲ.