ಖಾಲಿ ಕುರ್ಚಿಗೂ ಎಲೆ ಹಂಚುತ್ತಾರೆ

ಇಸ್ಪೀಟು ಆಡಿ ಹೊಟ್ಟೆ ಹೊರೆಯುವವನು ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಯಾರು ಬಂದು ನಿಲ್ಲುತ್ತಾರೋ ನನಗೆ ಗೊತ್ತು. ಬೆರಳ ತುಂಬ ಉಂಗುರ, ಬಾಯಲ್ಲಿ ಸಿಗರೇಟು, ಪಕ್ಕದಲ್ಲಿ ಗ್ಲಾಸು. ಅದನ್ನೆಲ್ಲ ಅಳಿಸಿಬಿಡಿ. ಈ ಗುಮ್ಮನನ್ನು ರಸ್ತೆಯಲ್ಲಿ ಕಂಡರೆ ಯಾವುದೋ ಔಷಧಿ ಅಂಗಡಿಯ ಗುಮಾಸ್ತ ಇರಬೇಕು ಅಂದುಕೊಂಡು ನೀವು ಮುಂದೆ ಹೋಗುತ್ತೀರಿ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹಿಮ್ಮಡಿ ಸವೆದ ಚಪ್ಪಲಿ, ಕುಡಿಯುವುದು ಬರೀ ಬಿಸಿನೀರು. ಅಂಗಿ ಹೊಲಿದುಕೊಡುತ್ತಿದ್ದವಳು ಅಕ್ಕ.

ಗುಮ್ಮ ಅನ್ನುವುದು ಆಟದವರು ಇಟ್ಟ ಹೆಸರು. ದಿನವಿಡೀ ಕೂತರೂ ತುಟಿ ಪಿಟಕ್ಕೆನ್ನುವುದಿಲ್ಲ, ಒಳಗೊಳಗೇ ಏನು ಲೆಕ್ಕ ಹಾಕುತ್ತಾನೋ ಯಾರಿಗೂ ತಿಳಿಯುವುದಿಲ್ಲ, ಶುದ್ಧ ಗುಮ್ಮನಗುಸುಕ ಅಂತ ಯಾರೋ ಬೈದರು, ಅದೇ ಮೊಟಕಾಗಿ ಗುಮ್ಮ ಆಯಿತು. ಮನೆಯಲ್ಲಿ ಅಕ್ಕ ಕರೆಯುತ್ತಿದ್ದದ್ದು ಪುಟ್ಟ ಅಂತ. ನಲವತ್ತು ದಾಟಿ, ಹಣೆ ನೆತ್ತಿಯವರೆಗೆ ಏರಿದ ಮೇಲೂ ಅವಳಿಗೆ ಅವನು ಪುಟ್ಟನೇ.

ಅವ್ವ ಸತ್ತಾಗ ಇವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಊರು ಬಿಟ್ಟ. ಅಕ್ಕ ಅವ್ವನ ಹೊಲಿಗೆ ಮಿಷಿನ್ನಿನ ಮುಂದೆ ಕೂತವಳು ಏಳಲೇ ಇಲ್ಲ ಅನ್ನಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಇವನನ್ನು ಓದಿಸಿದಳು, ತನಗೆ ಬಂದ ಸಂಬಂಧಗಳನ್ನು ಹಿಂದೆ ಕಳಿಸಿದಳು, ಇವನು ಒಂದು ದಡ ಮುಟ್ಟಿದ ಎಂದಾದ ಮೇಲೆ ಲಾರಿ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದಳು. ಭಾವ ಒಳ್ಳೆಯ ಮನುಷ್ಯ, ಮಾತು ಮಾತ್ರ ನೇರ. ಮಕ್ಕಳಾಗಲಿಲ್ಲ. ಇನ್ನು ದಡ ಮುಟ್ಟಿದ ತಮ್ಮ? ಬಸ್ ಕಂಪನಿಯ ಬುಕಿಂಗ್ ಕೌಂಟರಿನಲ್ಲಿ ಕೂತಿದ್ದವನು ಒಂದು ದಿನ ಕೆಲಸ ಬಿಟ್ಟು ಪೋಕರ್ ಆಡುತ್ತೇನೆ ಅಂದ. ಭಾವ ಕೂಗಾಡಿದ. ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತಾ, "ಕದ್ದು ತಿನ್ನಬೇಡ, ಸಾಲ ಮಾಡಬೇಡ, ಕರೆದಾಗ ಬಾ" ಅಂದಳು. ಅಷ್ಟೇ. ಕರೆದಾಗ ಬಾ ಅಂದವಳು ಈಗ ಹೇಳಹೊರಟ ದಿನದವರೆಗೆ ಒಮ್ಮೆಯೂ ಕರೆದಿರಲಿಲ್ಲ ಬಿಡಿ.

ಆಟ ಏನು ಅಂತ ಒಂಚೂರು ಹೇಳಬೇಕು, ಗಾಬರಿಯಾಗಬೇಡಿ. ಒಂದು ಮೇಜಿಗೆ ಒಂಬತ್ತು ಜನ. ಒಬ್ಬೊಬ್ಬರಿಗೆ ಎರಡೆರಡು ಎಲೆ ಗುಟ್ಟಾಗಿ, ಮೇಜಿನ ನಡುವೆ ಐದು ಎಲೆ ಎಲ್ಲರ ಕಣ್ಣಿಗೆ. ಪಣಕ್ಕೆ ದುಡ್ಡಿನ ಬದಲು ಬಣ್ಣದ ಬಿಲ್ಲೆ. ಅದಕ್ಕೆ ಮಿತಿಯಿಲ್ಲ, ಯಾರು ಯಾವಾಗ ಬೇಕಾದರೂ ತಮ್ಮ ಮುಂದಿನ ಬಿಲ್ಲೆಗಳನ್ನೆಲ್ಲ ಒಟ್ಟಿಗೆ ನೂಕಿಬಿಡಬಹುದು. ಬಿಲ್ಲೆ ಮುಗಿದವನು ಎದ್ದು ಮನೆಗೆ. ಇದು ಟೂರ್ನಮೆಂಟು, ಪ್ರವೇಶ ಶುಲ್ಕ ಕಟ್ಟಿಬಿಟ್ಟರೆ ಮುಗಿಯಿತು, ಬಿಲ್ಲೆ ಹಿಂದಕ್ಕೆ ಕೊಟ್ಟು ದುಡ್ಡು ಕೇಳುವ ಹಾಗಿಲ್ಲ. ಕೊನೆಗೆ ಉಳಿದ ಕೆಲವರಿಗಷ್ಟೇ ಬಹುಮಾನ. ಸುಮ್ಮನೆ ಕಾದು ಕೂರುವುದಕ್ಕೂ ಬಿಡುವುದಿಲ್ಲ. ಸರದಿಯ ಮೇಲೆ ಪ್ರತಿಯೊಬ್ಬನೂ ಎಲೆ ನೋಡುವ ಮೊದಲೇ ಒಂದಿಷ್ಟು ಬಿಲ್ಲೆ ಕಡ್ಡಾಯವಾಗಿ ಇಡಬೇಕು, ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಹೊತ್ತು ಹೋದಂತೆ ಬ್ಲೈಂಡ್ ಏರುತ್ತದೆ. ನೀವು ಎದ್ದು ಹೊರಗೆ ಹೋದಿರೋ, ಆಟ ನಿಮಗಾಗಿ ನಿಲ್ಲುವುದಿಲ್ಲ. ನಿಮ್ಮ ಖಾಲಿ ಕುರ್ಚಿಗೂ ಎಲೆ ಹಂಚುತ್ತಾರೆ, ನಿಮ್ಮ ಬಿಲ್ಲೆ ರಾಶಿಯಿಂದ ಬ್ಲೈಂಡ್ ತೆಗೆಯುತ್ತಾರೆ, ಎಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ರಾಶಿ ಕರಗುವವರೆಗೆ ಹೀಗೇ.

ಇಂಥ ಆಟದವರಿಗೆ ಒಂದು ರೂಢಿಯಿದೆ. ಗೆದ್ದೆಯಾ, ಸೋತೆಯಾ ಅಂತ ಅವರು ಕೇಳುವುದಿಲ್ಲ. ನಿರ್ಧಾರ ಸರಿಯಿತ್ತಾ ಅಂತ ಕೇಳುತ್ತಾರೆ. ನೂರಕ್ಕೆ ಎಂಬತ್ತು ಸಲ ಗೆಲ್ಲುವ ಕಡೆ ಎಲ್ಲವನ್ನೂ ನೂಕಿ, ಉಳಿದ ಇಪ್ಪತ್ತು ಬಂದು ಸೋತರೆ ಅದು ತಪ್ಪಲ್ಲ. ನಿರ್ಧಾರ ಸರಿ, ಎಲೆ ಕೈಕೊಟ್ಟಿತು, ಅಷ್ಟೇ. ಎದ್ದು ಮುಖ ತೊಳೆದುಕೊಳ್ಳಬೇಕು. ಹಾಗೆ ಅಂದುಕೊಳ್ಳದೆ ಹೋದರೆ ಅಲ್ಲಿ ಒಂದು ವರ್ಷ ಬಾಳುವುದೂ ಕಷ್ಟ. ಗುಮ್ಮನಿಗೆ ಇದು ರಕ್ತಕ್ಕೇ ಇಳಿದಿತ್ತು.

ಆ ಸಲದ್ದು ದೊಡ್ಡ ಟೂರ್ನಮೆಂಟು. ಹೋಟೆಲೊಂದರ ನೆಲಮಾಳಿಗೆಯ ಹಾಲ್. ಕಿಟಕಿಯಿಲ್ಲ, ಕಾಲಡಿಗೆ ಮೆತ್ತನೆ ಜಮಖಾನ, ಎಸಿಯ ತಣ್ಣಗಿನ ಗಾಳಿಗೆ ಹಳೇ ಹೊಗೆಯ ವಾಸನೆ. ಬಿಲ್ಲೆ ಆಡಿಸುವ ಕಟಕಟ ಸದ್ದು ಬಿಟ್ಟರೆ ಮಾತಿಲ್ಲ. ನೂರಾರು ಜನ ಉದುರಿ ಎರಡು ಮೇಜು ಉಳಿದಿತ್ತು, ಗುಮ್ಮನ ಮುಂದೆ ಒಳ್ಳೆಯ ರಾಶಿಯಿತ್ತು. ಬಿಡುವು ಕೊಟ್ಟಾಗ ಫೋನು ನೋಡಿದರೆ ಭಾವನ ಕರೆ.

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತ್ತು, ಅದು ಗೊತ್ತಿದ್ದದ್ದೇ. ಆಪರೇಷನ್ ಮುಂದಿನ ವಾರ ಅಂದಿದ್ದರು. ಈಗ ಇವತ್ತೇ ಮಧ್ಯಾಹ್ನ ಅಂತೆ.

"ನೀನು ಬರ್ತೀಯಾ ಅಂತ ಕೇಳ್ತಿದ್ದಾಳೆ ಕಣೋ" ಅಂದ ಭಾವ. "ಒಳಗೆ ಹೋಗೋ ಮುಂಚೆ ನಿನ್ನ ನೋಡ್ಬೇಕಂತೆ."

"ಡಾಕ್ಟ್ರು ಎಷ್ಟು ಅಂದ್ರು?"

"ದುಡ್ಡಾ? ಅದನ್ನ ಆಮೇಲೆ ನೋಡ್ಕೊಳ್ಳೋಣ."

"ದುಡ್ಡಲ್ಲ ಭಾವ. ಎಷ್ಟು ಜನ ಉಳೀತಾರೆ ಇಂಥಾದ್ರಲ್ಲಿ?"

"ಹತ್ತು ಜನದಲ್ಲಿ ಎಂಟು ಜನ ಚೆನ್ನಾಗೇ ಆಗ್ತಾರೆ ಅಂದ್ರಪ್ಪ. ಯಾಕೆ?"

ಯಾಕೆ ಅಂದರೆ ಏನು ಹೇಳುವುದು? ಎಂಬತ್ತು. ಕೈಯಲ್ಲಿ ಜೋಡಿ ಎಕ್ಕ ಇದ್ದು ಎದುರಾಳಿ ಜೋಡಿ ರಾಜ ಹಿಡಿದಿದ್ದರೆ ಹೆಚ್ಚುಕಡಿಮೆ ಇಷ್ಟೇ. ಅಂಥ ಕೈ ಸಿಕ್ಕರೆ ಅವನು ಕಣ್ಣು ಮುಚ್ಚಿಕೊಂಡು ಇದ್ದಬದ್ದದ್ದನ್ನೆಲ್ಲ ನೂಕುತ್ತಿದ್ದ. ಎದ್ದು ಹೋದರೆ ಇಲ್ಲಿ ರಾಶಿ ಕರಗುವುದು ಖಂಡಿತ. ಕೂತರೆ ಅಲ್ಲಿ ಕೆಡುಕಾಗುವ ಸಾಧ್ಯತೆ ಕಮ್ಮಿ. ಗೆದ್ದರೆ ಆಸ್ಪತ್ರೆಯ ಬಿಲ್ಲನ್ನೂ ತಾನೇ ಕಟ್ಟಬಹುದು. "ನಾಳೆ ಬೆಳಿಗ್ಗೆ ಬರ್ತೀನಿ ಅಂತ ಹೇಳಿ ಭಾವ, ಏನೂ ಆಗಲ್ಲ" ಅಂದು ಫೋನಿಟ್ಟು ಹೋಗಿ ಕೂತ. ಅಯ್ಯೋ ಪುಣ್ಯಾತ್ಮ, ಅಕ್ಕನನ್ನು ಹೀಗೆ ತೂಗಿ ನೋಡುವುದೇ? ಆದರೆ ಅವನ ಮನಸ್ಸಿನಲ್ಲಿ ಕಳ್ಳತನವಿರಲಿಲ್ಲ. ಅವನಿಗೆ ಗೊತ್ತಿದ್ದ ತಕ್ಕಡಿ ಅದೊಂದೇ.

ಮೂರನೇ ಸ್ಥಾನ ಬಂತು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕ್ಯಾಶ್ ಕೌಂಟರಿನಲ್ಲಿ ಪೂರ್ತಿ ಬಿಲ್ ಚುಕ್ತಾ ಮಾಡಿ, ಎರಡೆರಡು ಮೆಟ್ಟಿಲು ಹಾರಿಕೊಂಡು ವಾರ್ಡಿಗೆ ಹೋದ. ಅಕ್ಕ ದಿಂಬಿಗೆ ಒರಗಿದ್ದಳು, ಮುಖ ಬಿಳಚಿಕೊಂಡಿತ್ತು, ಆದರೆ ಕಣ್ಣು ಹಿಂದಿನ ಹಾಗೇ ಇತ್ತು. ಇವನಿಗೆ ಕುಣಿಯುವಷ್ಟು ಖುಷಿ.

"ಏನೂ ಆಗಲ್ಲ ಅಂತ ಹೇಳಲಿಲ್ವಾ ಅಕ್ಕ? ಹತ್ತಕ್ಕೆ ಎಂಟು ಅಂದಿದ್ರಲ್ಲ ಡಾಕ್ಟ್ರು!"

ಅಕ್ಕ ಅವನನ್ನೇ ನೋಡಿದಳು. "ಒಳಗೆ ಕರ್ಕೊಂಡು ಹೋಗೋವರ್ಗೂ ಬಾಗಿಲು ನೋಡ್ತಿದ್ದೆ ಕಣೋ. ಆ ಎರಡು ಬಂದಿದ್ರೆ?"

ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ತಪ್ಪಾಯ್ತು ಅಕ್ಕ ಅಂದಿದ್ದರೆ ಸಾಕಿತ್ತು. ಒಂಬತ್ತು ಜನರ ನಡುವೆ ತುಟಿ ಬಿಚ್ಚದ ಗುಮ್ಮ, ಇಲ್ಲಿ ಬಿಚ್ಚಿದ.

"ಬಂದಿದ್ರೂ ನಿರ್ಧಾರ ಸರಿನೇ ಅಕ್ಕ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು? ಭಾವ ಎದ್ದು ಹೊರಗೆ ಹೋದ. ಅಕ್ಕ ಬೈಯಲಿಲ್ಲ, ಅಳಲಿಲ್ಲ. "ಹೌದಪ್ಪ, ನಿನ್ನ ಲೆಕ್ಕ ಸರಿಯಾಗೇ ಇದೆ" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಊಟ ಮಾಡ್ಕೊಂಡು ಹೋಗು" ಅಂದಳು, ಬಂದ ನೆಂಟರಿಗೆ ಹೇಳುವ ಹಾಗೆ.

ಅಲ್ಲಿಂದಾಚೆಗೆ ಅವಳು ಕರೆಯುವುದಿರಲಿ, ಏನನ್ನೂ ಹೇಳುವುದನ್ನೇ ಬಿಟ್ಟಳು. ಇವನು ಫೋನು ಮಾಡಿದರೆ, "ಚೆನ್ನಾಗಿದ್ದೀನಿ, ನೀನು ಹೊತ್ತುಹೊತ್ತಿಗೆ ತಿನ್ನು" ಅನ್ನುವಳು. ಪರೀಕ್ಷೆ ಏನಾಯ್ತು ಅಂದರೆ, "ಆಗ್ತಾ ಇದೆ." ಭಾವನನ್ನು ಕೇಳಿದರೆ, "ನಿಮ್ಮಕ್ಕನ್ನೇ ಕೇಳು." ಇವನು ಹೋಗಿ ಅವಳ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಅವಳು ಮಿಷಿನ್ ನಿಲ್ಲಿಸದೆ ಮಾತಾಡುವಳು. ಸಿಟ್ಟಿದ್ದಿದ್ದರೆ ಕಾಲು ಹಿಡಿಯಬಹುದಿತ್ತು. ಸಿಟ್ಟೇ ಇರಲಿಲ್ಲ. ಇವನು ಬರುತ್ತಾನೆ ಅನ್ನುವ ಆಸೆಯನ್ನು ಅವಳು ತೆಗೆದಿಟ್ಟುಬಿಟ್ಟಿದ್ದಳು. ಇವನಿಗೋ, ಆಕೆ ಇನ್ನೊಂದೇ ಒಂದು ಸಲ ಬಾ ಅನ್ನಲಿ, ಎಲ್ಲಿದ್ದರೂ ಎದ್ದು ಓಡುತ್ತೇನೆ ಅನ್ನುವುದೇ ಹಗಲು ರಾತ್ರಿ ಧ್ಯಾನವಾಯಿತು. ಆಟಕ್ಕೆ ಕೂತಾಗಲೂ ಫೋನು ತೊಡೆಯ ಮೇಲೇ ಇರುತ್ತಿತ್ತು. ಅದು ಸದ್ದು ಮಾಡಲೇ ಇಲ್ಲ.

ಮುಂದಿನ ವರ್ಷ ಅದೇ ಹಾಲ್, ಅದೇ ಟೂರ್ನಮೆಂಟು. ಈ ಸಲ ಎಲೆ ಅವನ ಮಾತು ಕೇಳುತ್ತಿತ್ತು. ಎರಡು ಮೇಜು ಉಳಿದಾಗ ಎಲ್ಲರಿಗಿಂತ ದೊಡ್ಡ ರಾಶಿ ಇವನದೇ. ಪಕ್ಕದ ಟೈಲ್ಸ್ ವ್ಯಾಪಾರಿ, "ಗುಮ್ಮ, ನಮಗೂ ಒಂಚೂರು ಉಳಿಸಯ್ಯ" ಅಂತ ತಮಾಷೆ ಮಾಡುತ್ತಿದ್ದ. ಬಿಡುವಿನಲ್ಲಿ ಅಕ್ಕನಿಗೆ ಫೋನು ಹಚ್ಚಿದ, ಎತ್ತಲಿಲ್ಲ. ಅಂಗಡಿಗೆ ಹಚ್ಚಿದ. ಗುಂಡಿಗೆ ಕಾಜಾ ಹಾಕುವ ಹೆಂಗಸು ಎತ್ತಿದಳು.

"ಅಯ್ಯೋ, ನಿಮಗೆ ಗೊತ್ತಿಲ್ವಾ? ಮತ್ತೆ ಗಡ್ಡೆ ಬಂದಿದೆಯಂತೆ. ಇವತ್ತು ಅದೇ ಆಸ್ಪತ್ರೇಲಿ ಆಪರೇಷನ್ನು. ನಿಮಗೆ ಹೇಳಿ ತೊಂದ್ರೆ ಕೊಡಬೇಡ ಅಂದಿದ್ರು ಅಕ್ಕೋರು."

ಹತ್ತಕ್ಕೆ ಎಷ್ಟು ಅಂತ ಅವನು ಕೇಳಲಿಲ್ಲ, ಕೇಳಬೇಕು ಅಂತ ನೆನಪೂ ಆಗಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಸ್ವೆಟರನ್ನು ಎತ್ತಿಕೊಂಡ.

"ಸರ್, ಮುಂದಿನ ಬ್ಲೈಂಡ್ ನಿಮ್ಮದೇ" ಅಂದಳು ಎಲೆ ಹಂಚುವ ಹುಡುಗಿ.

"ತಗೊಳ್ಳಮ್ಮ."

ಮೇಲ್ವಿಚಾರಕ ಓಡಿ ಬಂದ. "ಎಲ್ಲಿಗೆ? ಆಟ ನಿಲ್ಲಲ್ಲ, ಗೊತ್ತಲ್ವಾ? ರಾಶಿ ಇಲ್ಲೇ ಇರುತ್ತೆ, ಬ್ಲೈಂಡ್ ಹೋಗ್ತಾ ಇರುತ್ತೆ."

"ಗೊತ್ತು" ಅಂದವನೇ ಮೆಟ್ಟಿಲು ಹತ್ತಿದ. ಹಿಂದಿನಿಂದ ವ್ಯಾಪಾರಿ, "ಏನಾಯ್ತಯ್ಯ ಇವನಿಗೆ, ತಲೆಗಿಲೆ ಕೆಡ್ತಾ?" ಅನ್ನುವುದು ಕೇಳಿಸಿತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತ. ಅಲ್ಲಿ ಈಗ ತನ್ನ ಜಾಗಕ್ಕೆ ಎರಡು ಎಲೆ ಬೀಳುತ್ತವೆ, ಯಾರೂ ಎತ್ತಿ ನೋಡುವುದಿಲ್ಲ, ಮತ್ತೆ ಗುಡ್ಡೆಗೆ ಸೇರುತ್ತವೆ. ಒಂದೊಂದೇ ಸುತ್ತಿಗೆ ರಾಶಿ ತಗ್ಗುತ್ತದೆ. ಹೋಗಲಿ, ಹಾಳಾಗಿ ಹೋಗಲಿ ಅಂದುಕೊಂಡ. ನಿಜ ಹೇಳಬೇಕೆಂದರೆ ಅಷ್ಟು ಹಗುರಾಗಿ ಅವನು ಯಾವತ್ತೂ ಬಸ್ಸಿನಲ್ಲಿ ಕೂತಿರಲಿಲ್ಲ. ಅಕ್ಕನ ಕಣ್ಣಿಗೆ ಬೀಳಬೇಕು, ಬಂದೆ ಅನ್ನಬೇಕು, ಅದೊಂದೇ.

ಹೋಗುವಷ್ಟರಲ್ಲಿ ಆಪರೇಷನ್ ಮುಗಿದು ವಾರ್ಡಿಗೆ ತಂದಿದ್ದರು. ಭಾವ ಕಾಲ ಬಳಿ ನಿಂತಿದ್ದ, ಉಗುರ ಸಂದಿಯಲ್ಲಿ ಗ್ರೀಸು, ಕಣ್ಣು ಕೆಂಪು. ಅಕ್ಕ ಮಂಪರಿನಲ್ಲಿದ್ದಳು. ಇವನು ಕೈ ಹಿಡಿದ ಮೇಲೆ ಕಣ್ಣು ಬಿಟ್ಟಳು.

"ಪುಟ್ಟನಾ? ಈಗ ನಿಂದು ಆಟ ಅಲ್ವೇನೋ?"

"ಹೂಂ ಅಕ್ಕ."

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಅಯ್ಯೋ ಪಾಪ ಅನ್ನುವಂಥ ಕರುಣೆ ಬಂತು.

"ಇಷ್ಟು ಬೇಗ ಸೋತ್ಯಾ?"

"ಇಲ್ಲಕ್ಕ. ಬಿಟ್ಟು ಬಂದೆ. ರಾಶಿ ಇನ್ನೂ ಅಲ್ಲೇ ಇದೆ."

"ಗೆಲ್ತಾ ಇದ್ದಿದ್ರೆ ಇವನು ಇಷ್ಟೊತ್ತಿಗೆ ಇಲ್ಲಿರ್ತಿದ್ನಾ?" ಅಂದ ಭಾವ, ಗೋಡೆಗೆ ಹೇಳುವವನ ಹಾಗೆ.

"ಸುಮ್ನಿರಿ ನೀವು." ಅಕ್ಕ ನರಳುತ್ತಾ ಕೈಯೆತ್ತಿ ಇವನ ತಲೆಯ ಮೇಲಿಟ್ಟಳು. "ನನ್ನ ಹತ್ರ ನಾಚಿಕೆ ಯಾಕೋ? ಸೋತ್ರೇನಂತೆ. ಮುಂದಿನ ಸಲ ಗೆಲ್ತೀಯ ಬಿಡು."

ಜೇಬಿನಲ್ಲಿ ಫೋನಿತ್ತು. ಮೇಲ್ವಿಚಾರಕನಿಗೆ ಹಚ್ಚಿ ಅಕ್ಕನ ಕಿವಿಗೆ ಹಿಡಿದಿದ್ದರೆ ಮುಗಿಯುತ್ತಿತ್ತು. ಆದರೆ ಹೊಲಿಗೆ ಹಾಕಿಸಿಕೊಂಡು ಬಿದ್ದವಳ ಮುಂದೆ ಸಾಕ್ಷಿ ಒಪ್ಪಿಸುವುದೇ? ಒಂದು ವರ್ಷದಿಂದ ಅವಳು ಹೀಗೆ ತಲೆ ಮುಟ್ಟಿರಲಿಲ್ಲ.

"ಹೂಂ ಅಕ್ಕ, ಸೋತೆ" ಅಂದ.

ಅಕ್ಕನಿಗೆ ಸಮಾಧಾನವಾಯಿತು. ಅವನ ತಲೆ ಸವರುತ್ತಲೇ ನಿದ್ದೆ ಹೋದಳು. ವಾರ ಕಳೆಯುವುದರೊಳಗೆ ಜ್ವರ ಏರಿ, ಸೋಂಕು ರಕ್ತಕ್ಕೆ ಸೇರಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ಭಾವ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಬಂದು ಇವನ ಪಕ್ಕ ಕೂತ. ಆಮೇಲೆ ಭಾವ, ಇವನಿಗೆ ನೆಮ್ಮದಿಯಾಗಲಿ ಎಂದೇ, ಮೆಲ್ಲಗೆ ಹೇಳಿದ.

"ನೀನು ಬಂದದ್ದಕ್ಕೆ ತುಂಬಾ ಖುಷಿಪಟ್ಲು ಕಣಯ್ಯ. ಸೋತಾಗಲಾದ್ರೂ ಅವನಿಗೆ ನಾನು ನೆನಪಾದೆನಲ್ಲ, ನಂಗಷ್ಟು ಸಾಕು ಅಂದ್ಲು."