ಕೂತಾಗಲೂ ಇಳಿಯದ ಉಸಿರು

ನನ್ನ ತಮ್ಮ ಶರಣಪ್ಪ ಮೊದಲು ನೀರು ಕೇಳತೊಡಗಿದ. ಅಷ್ಟೇ. ಅದನ್ನು ಕಾಯಿಲೆ ಎಂದು ಯಾರು ತಿಳಿಯಬೇಕು? ಚಿತ್ತಾಪುರದ ಬಿಸಿಲಿನಲ್ಲಿ ನೀರು ಕುಡಿಯದವರು ಯಾರಿದ್ದಾರೆ? ಅದರಲ್ಲೂ ಅವನು ಪೈಲ್ವಾನ. ಬೆಳಗಾದರೆ ತಾಲೀಮಿನ ಕೆಮ್ಮಣ್ಣಿನಲ್ಲಿ ಹೊರಳಿ, ದಂಡ ಬೈಠಕ್ ಹೊಡೆದು, ಮನೆಗೆ ಬಂದು ತಂಬಿಗೆ ಎತ್ತಿದ ಮೇಲೆಯೇ ಮಾತು. ಪೊಲೀಸ್ ಆಕ್ಷನ್ನಿನ ಗಲಾಟೆಯ ವರ್ಷ ಮುಚ್ಚಿದ್ದ ತಾಲೀಮಿನ ಗರಡಿ ಮತ್ತೆ ತೆರೆದಿತ್ತು. ಶಹಾಬಾದಿನ ಕುಸ್ತಿಗೆ ಅವನ ಹೆಸರು ಕೊಟ್ಟಿದ್ದರು. ಅವನ ಬಾಯಿಗೆ ಇನ್ನೇನು ಹಾಕೋಣ ಎನ್ನುವುದೊಂದೇ ಮನೆಯವರ ಚಿಂತೆ.

ನನ್ನನ್ನು ಕೊಟ್ಟದ್ದು ಅದೇ ಊರಿನಲ್ಲಿ, ಎರಡು ಓಣಿ ಆಚೆ. ದಿನಕ್ಕೊಮ್ಮೆ ತವರಿಗೆ ಹೋಗಿ ಅವ್ವನನ್ನೂ ತಮ್ಮನನ್ನೂ ಬೈದು ಬರದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಮ್ಮ ಕಡೆ ಬಾಯಾರಿ ಬಂದವರಿಗೆ ಬರೀ ನೀರು ಕೊಡುವುದಿಲ್ಲ. ಮೊದಲು ಅಂಗೈಗೆ ಬೆಲ್ಲ, ಆಮೇಲೆ ತಂಬಿಗೆ. ಅವ್ವ ಹೊಟ್ಟೆಯ ಮಗನಿಗೂ ಅದನ್ನು ತಪ್ಪಿಸಿದವಳಲ್ಲ. ಅವನು ನೀರು ಕೇಳಿದಾಗಲೆಲ್ಲ ಬೆಲ್ಲವೂ ಹೋಯಿತು. ಮೈ ಇಳಿಯುತ್ತ ಬಂತು. ಖುರಾಕು ಸಾಲದು ಎಂದು ಹಾಲಿಗೆ ಸಕ್ಕರೆ, ಉತ್ತತ್ತಿ, ಬಾದಾಮಿ ಹೆಚ್ಚಿಸಿದೆವು. ಹೆಚ್ಚಿಸಿದಷ್ಟೂ ಸೊರಗಿದ.

"ತಿಂದಿದ್ದೆಲ್ಲಾ ಎಲ್ಲಿ ಹೋಗ್ಲಿಕತ್ತದೋ ನಿಂದು?" ಎಂದೆ.

"ಕುಸ್ತಿಗಿ ಹೋಗ್ಲಿಕತ್ತದ ಅಕ್ಕಾ," ಎಂದು ನಕ್ಕ. ನಗುವಾಗ ಏದುಸಿರು ಬಂತು.

ಅವನನ್ನು ಮೊದಲ ಸಲ ಮಣ್ಣಿಗಿಳಿಸಿದ ಉಸ್ತಾದರು ಮನೆತನಕ ಬಂದರು. "ಹುಡುಗಂದು ದಮ್ ಇಳದದ ಅವ್ವಾ. ಕಸರತ್ ಹೆಚ್ಚು ಮಾಡಸ್ತೀನಿ, ನೀವು ಹೊಟ್ಟಿ ಕಡಿ ನೋಡ್ರಿ," ಎಂದರು. ತಾಲೀಮಿನ ತಿಳಿವಳಿಕೆ ಅದು: ಉಸಿರು ಸಾಲದವನು ಇನ್ನಷ್ಟು ಓಡಬೇಕು, ಇನ್ನಷ್ಟು ತಿನ್ನಬೇಕು. ಅವರ ಕೈಕೆಳಗೆ ಬೆಳೆದ ಮೈಗಳಿಗೆಲ್ಲ ಅದು ಸರಿಯಾಗಿಯೇ ಇತ್ತು. ಪಾಪ, ಅವರನ್ನು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಅವನು ಕಟ್ಟೆಯ ಮೇಲಿದ್ದ. ಓಡಿ ಬಂದವನ ಹಾಗೆ ಉಸಿರಾಡುತ್ತಿದ್ದ. ಆಳಕ್ಕೆ ಎಳೆಯುತ್ತಿದ್ದ, ಜೋರಾಗಿ ಬಿಡುತ್ತಿದ್ದ. ಕೆಮ್ಮಿಲ್ಲ, ಕಫವಿಲ್ಲ.

"ಎಲ್ಲಿಗಿ ಓಡಿದ್ದಿ?"

"ಎಲ್ಲೂ ಇಲ್ಲ. ಎದ್ದಾಗಿಂದ ಇಲ್ಲೇ ಕುಂತೀನಿ."

ಕೂತೇ ಇದ್ದ.

ಹತ್ತಿರ ಹೋದೆ. ಬಾಯಿಂದ ಕಳಿತು ಹೋದ ಸೀತಾಫಲದ ವಾಸನೆ. ಹಣ್ಣು ತಿಂದೆಯಾ ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸಿದ. ಹಾಗೆಯೇ ಗೋಡೆಗೆ ಒರಗಿದ. ಮತ್ತೆ ಹೆಸರು ಹಿಡಿದು ಕರೆದರೆ, ಓ ಅನ್ನಲು ಹೊತ್ತು ಹಿಡಿಯಿತು. ಅವ್ವನನ್ನು ಕೂಗಿ ಕರೆದೆ, ಇಬ್ಬರೂ ಸೇರಿ ಅವನನ್ನು ದವಾಖಾನೆಗೆ ಒಯ್ದೆವು.

ಸರಕಾರಿ ದವಾಖಾನೆಯ ಡಾಕ್ಟರ್ ಅವನ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಮೂತ್ರವನ್ನು ನೀಲಿ ಔಷಧಿಯ ಜೊತೆ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಬಣ್ಣ ಬಂತು.

"ಇವರು ಮೂತ್ರಕ್ಕ ಕುಂತಲ್ಲಿ ಇರುವಿ ಹತ್ತತಿದ್ದವೇನು?"

"ಹೌದರಿ," ಎಂದಳು ಅವ್ವ. "ಹಿತ್ತಲದಾಗ ಭಾಳ ಹತ್ತತಾವ. ಬೂದಿ ಉಗ್ಗೀನಿ."

ಡಾಕ್ಟರ್ ಕೊಳವೆ ಎತ್ತಿ ತೋರಿಸಿ, ಮೂತ್ರದಲ್ಲಿ ಸಕ್ಕರೆ ಇದೆ, ಡಯಾಬಿಟಿಸ್ ಎಂದರು. ಇನ್ಸುಲಿನ್ ತಮ್ಮಲ್ಲಿಲ್ಲ, ಹೈದರಾಬಾದಿಗೆ ಈಗಲೇ ಒಯ್ಯಿರಿ, ದಾರಿಯಲ್ಲಿ ಬರೀ ನೀರು ಕುಡಿಸಿರಿ ಎಂದರು.

ನನ್ನ ಯಜಮಾನರು ಅವನನ್ನು ಎತ್ತಿಕೊಂಡೇ ರೈಲು ಹತ್ತಿದರು, ಹಿಂದೆ ನಾನು, ಅವ್ವ. ಗಾಡಿ ಸೇಡಂ ದಾಟಿತು. ಡಬ್ಬಿಯಲ್ಲಿದ್ದವರಿಗೆಲ್ಲ ಒಂದೊಂದು ವೈದ್ಯ ಗೊತ್ತಿತ್ತು: ಕಿಟಕಿ ತೆರೆಯಿರಿ, ಎದೆಗೆ ಎಣ್ಣೆ ತಿಕ್ಕಿರಿ, ಕೂರಿಸಿರಿ, ಮಲಗಿಸಿರಿ. ನಾನು ಅವನ ಎದೆಯ ಮೇಲೆ ಕೈ ಇಟ್ಟು ಕೂತೆ. ಆ ಉಸಿರು ತಗ್ಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಎರಡು ಉಸಿರಿನ ನಡುವೆ ಚೂರು ತಡವಾದರೆ, ತಗ್ಗುವುದು ಬೇಡ, ಹೀಗೆಯೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾವುದನ್ನು ಬೇಡಬೇಕು ಎನ್ನುವುದೇ ತಿಳಿಯದ ಪ್ರಯಾಣ ಅದು.

ತಾಂಡೂರು ಬರುವಷ್ಟರಲ್ಲಿ ಅವನು ಮಾತು ನಿಲ್ಲಿಸಿದ.

ದೊಡ್ಡ ದವಾಖಾನೆಯಲ್ಲಿ ಸಲೈನ್ ಏರಿಸಿದರು. ಇನ್ಸುಲಿನ್ ಮೇಲೆ ಇನ್ಸುಲಿನ್ ಕೊಟ್ಟರು. ಅವ್ವ ವಾರ್ಡಿನ ಹೊರಗೆ ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತವಳು ಏಳಲೇ ಇಲ್ಲ. ಬೀದರ್ ಕಡೆಯ ಡಾಕ್ಟರ್ ಒಬ್ಬರಿದ್ದರು. ಮರುದಿನ ಮಧ್ಯಾಹ್ನ ಹೊರಗೆ ಬಂದು ನಮ್ಮ ಭಾಷೆಯಲ್ಲಿ ತಿಳಿಸಿ ಹೇಳಿದರು.

"ನೀವು ಏನು ಉಣಿಸಿದ್ರೂ ಅವರ ಮೈಗಿ ಹತ್ತಲಿಲ್ರಿ. ಒಲಿ ತುಂಬ ಕಟಿಗಿ ಅದಾವ, ಹತ್ತಸ್ಲಿಕ್ಕ ಬೆಂಕಿ ಇಲ್ಲ, ಹಂಗ. ಇನ್ಸುಲಿನ್ ಅಂದ್ರ ಆ ಬೆಂಕಿ. ಅದು ಇಲ್ಲಂತ ಮೈ ತನ್ನ ಕೊಬ್ಬೇ ಸುಟ್ಕೊಂಡದ. ಅದರಿಂದ ರಕ್ತದಾಗ ಆಸಿಡ್ ತುಂಬ್ಯದ."

"ಮತ್ತ ಆ ಉಸರು?"

"ಅದು ಆ ಆಸಿಡ್ ಹೊರಗ ಹಾಕ್ಲಿಕತ್ತಿತ್ತು. ಆ ಉಸರೇ ಅವರನ್ನ ಇಲ್ಲೀತನ ತಂದದ ತಾಯಿ."

ತಗ್ಗಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡ ಉಸಿರು.

ಅವನು ಕಣ್ಣು ಬಿಟ್ಟದ್ದು ಅದೇ ಸಂಜೆ. ಬಿಟ್ಟವನು ಮೊದಲು ಕೇಳಿದ್ದು ಶಹಾಬಾದಿನ ಕುಸ್ತಿಯನ್ನು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

ಇದೆಲ್ಲ ಆಗಿ ಇನ್ನೂ ವರ್ಷ ತುಂಬಿಲ್ಲ. ಈಗ ನಮ್ಮ ದಿನ ಸೂಜಿಯಿಂದ ಶುರುವಾಗುತ್ತದೆ. ಇನ್ಸುಲಿನ್ ಸೀಸೆಯನ್ನು ತಂಪಿಗೆಂದು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ಇಡುತ್ತೇವೆ. ಸಿರಿಂಜು ಕುದಿಸುವವಳು, ಚುಚ್ಚುವವಳು ನಾನೇ. ಅಖಾಡದಲ್ಲಿ ಎಲುಬು ಮುರಿದಾಗ ಹಲ್ಲು ಕಚ್ಚಿ ನಿಂತವನು ಸೂಜಿ ಕಂಡರೆ ಕಣ್ಣು ಮುಚ್ಚುತ್ತಾನೆ! ಒಂದು ದಿನ ಸೂಜಿ ತೆಗೆದುಕೊಂಡು, ಉಣ್ಣದೆ ಹೊಲಕ್ಕೆ ಹೋಗಿ, ಬೆವೆತು ನಡುಗಿ ದಾರಿಯಲ್ಲಿ ಕುಸಿದ. ಆಗ ಬಾಯಿಗೆ ಬೆಲ್ಲ ಹಾಕಿದೆವು, ಎದ್ದು ಕೂತ. ಅವ್ವ ಸಿಟ್ಟಿಗೆದ್ದಳು. "ಬೆಲ್ಲ ಚೊಲೋದೋ ಕೆಟ್ಟದ್ದೋ? ಯಾರಾದ್ರೂ ಒಂದು ಹೇಳ್ರಿ!" ಸೂಜಿ ತೆಗೆದುಕೊಂಡು ಉಣ್ಣದಿದ್ದ ದಿನ ಬೆಲ್ಲವೇ ಮದ್ದಂತೆ. ಇನ್ಸುಲಿನ್ ಒಳಗಿದ್ದು ಮೈ ದುಡಿದರೆ ಸಕ್ಕರೆ ಬೇಗ ಇಳಿಯುತ್ತದಂತೆ. ಹಾಗಂತ ದುಡಿಯುವುದನ್ನು ಬಿಡಬಾರದಂತೆ. ನಾವು ದಿನವೂ ಈ ಸಣ್ಣ ಬದುವಿನ ಮೇಲೆಯೇ ನಡೆಯುತ್ತೇವೆ.

ಹಗುರ ಕಸರತ್ತಿಗೆ ಬೀದರ್ ಕಡೆಯ ಡಾಕ್ಟರ್ ಒಪ್ಪಿದ್ದರು. "ಉಸರು ಏರಿದ್ರ ಅಂಜಬ್ಯಾಡ್ರಿ. ಕುಂತ ಮ್ಯಾಲೂ ಇಳಿಲಿಲ್ಲಂದ್ರ ಅಂಜ್ರಿ," ಎಂದಿದ್ದರು. ಹೇಳುವುದು ಸುಲಭ.

ಮೊನ್ನೆ ಅವನು ಮತ್ತೆ ತಾಲೀಮಿಗೆ ಹೋದ. ಹೆಣ್ಣುಮಕ್ಕಳು ಅತ್ತ ಸುಳಿಯುವ ವಾಡಿಕೆ ಇಲ್ಲ. ನಾನು ಸೆರಗು ಹೊದ್ದು ಬಾಗಿಲಲ್ಲಿ ನಿಂತೆ. ಉಸ್ತಾದರು ನೋಡಿದರು, ಒಂದು ಮಣೆ ತರಿಸಿ ಹಾಕಿಸಿದರು. ಶರಣಪ್ಪ ದಂಡ ಹೊಡೆದ. ಬೆನ್ನು ಬೆವೆತು ಹೊಳೆಯಿತು. ನಿಲ್ಲಿಸು ಎಂದು ಕೂಗಬೇಕೆನ್ನಿಸಿತು. ಸೆರಗಿನ ತುದಿ ಕಚ್ಚಿಕೊಂಡೆ. ಹೊರಗೆ ಬಂದಾಗ ಎದೆ ಏರಿ ಇಳಿಯುತ್ತಿತ್ತು, ಅದೇ ದಿನದ ಹಾಗೆ.

"ಕುಂದುರು," ಎಂದೆ.

ಕೂತ. ನನ್ನ ಮುಖ ನೋಡಿ, "ಅಕ್ಕಾ, ನೀ ಯಾಕ ಉಸರು ಬಿಗಿಹಿಡದೀದಿ?" ಎಂದ.

ನಾನು ಅವನ ಎದೆಯನ್ನೇ ನೋಡುತ್ತಿದ್ದೆ. ಏರಿತು, ಇಳಿಯಿತು. ಮತ್ತೆ ಏರಿತು, ಅಷ್ಟು ಎತ್ತರಕ್ಕಲ್ಲ. ನಿಧಾನವಾಗಿ, ಎಲ್ಲರದೂ ತಗ್ಗುವ ಹಾಗೆ, ಅವನ ಉಸಿರು ತಗ್ಗಿತು.

ನನ್ನದು ತಗ್ಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.