ಒಸಾಕಾದ ಬಾಣಂತನ

2024ರ ಜುಲೈ. ನನಗೆ ಆಗ ಅರವತ್ತೇಳು. ಕೆಲಸ ಬಾಣಂತನ, ಓದು ನಾಲ್ಕನೇ ಕ್ಲಾಸು. ಲಿನ್‌ವುಡ್‌ನಲ್ಲಿ ಮಗಳ ಜೊತೆ ಇದ್ದುಕೊಂಡು ಸಿಯಾಟಲ್ ಸುತ್ತಿನ ಕನ್ನಡದ ಮನೆಗಳಲ್ಲಿ ಹತ್ತೊಂಬತ್ತು ಬಾಣಂತನ ಮುಗಿಸಿದ್ದೆ. ಎಣ್ಣೆನೀರು, ಮೆಣಸಿನ ಸಾರು, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ, ಗಾಳಿಯಾಡದ ಕೋಣೆ, ಕುಡಿಯಲು ಅಳತೆಯ ಬಿಸಿನೀರು. ಆ ತಣ್ಣನೆಯ ಊರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ನನಗೆ ಕೊಬ್ಬು ಬಂತು.

ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದಲ್ಲಿ ಸ್ವಂತ ಮನೆಯಿದ್ದ ನವೀನನನ್ನು ಕಂಪನಿ ಜಪಾನಿನ ಒಸಾಕಾಕ್ಕೆ ಕಳಿಸಿತ್ತು. ಹೆಂಡತಿ ಶ್ರುತಿ ಅಲ್ಲೇ ಹೆತ್ತಳು. ಅವಳಿಗೆ ತಾಯಿಯಿಲ್ಲ, ನನ್ನನ್ನು ಕರೆಸಿಕೊಂಡರು.

ಹೊರಗೆ ಮೂವತ್ತೇಳು ಡಿಗ್ರಿ. ಬೆಳಗಿನಿಂದಲೇ ಜೀರುಂಡೆಗಳ ಕಿರುಚಾಟ. ಜನ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಓಡಾಡುತ್ತಿದ್ದರು. ನವೀನನ ಸಂಬಳ ಯೆನ್‌ನಲ್ಲಿ, ಫ್ಯಾಕ್ಟೋರಿಯಾದ ಮನೆಸಾಲದ ಕಂತು ಡಾಲರಿನಲ್ಲಿ. ಯೆನ್ ಇಳಿದಿದೆ ಎಂದು ದಿನಾ ಫೋನ್ ನೋಡಿ ಮುಖ ಗಂಟಿಕ್ಕುತ್ತಿದ್ದ.

"ಅಜ್ಜಿ, ಬಾಣಂತಿಗೆ ಎಸಿ ಹಾಕ್ಬಾರ್ದು ಅಲ್ವಾ?"

"ಮುಟ್ಟಲೇಬೇಡ."

ಅವನ ಮುಖ ಅರಳಿತು. ಕರೆಂಟ್ ಬಿಲ್ಲಿಗೆ ಹೆದರಿದವನಿಗೆ ನನ್ನ ಶಾಸ್ತ್ರ ಅನುಕೂಲವಾಯಿತು.

ಬಾಣಂತನದ ಒಂಬತ್ತನೆಯ ದಿನ ಪಕ್ಕದ ಮನೆಯ ಜಪಾನಿ ಮುದುಕಿ ಜಾಡಿ ತುಂಬ ತಣ್ಣನೆಯ ಬಾರ್ಲಿ ಟೀ ತಂದು, ಎಸಿ ಕಡೆ ಬೆರಳು ಮಾಡಿ ಏನೋ ಬೇಡಿಕೊಂಡಳು. ನಾನು ತಲೆಯಾಡಿಸಿ ಕಳಿಸಿ, ಟೀಯನ್ನು ಸಿಂಕಿಗೆ ಚೆಲ್ಲಿದೆ.

ಶ್ರುತಿ ನೋಡುತ್ತಿದ್ದಳು. "ಅಜ್ಜಿ, ಒಂದೇ ಒಂದು ಗುಟುಕು ಕೊಡಿ."

"ಹೊಟ್ಟೆ ಊದ್ಕೊಳತ್ತೆ. ಸುಮ್ನೆ ಮಲ್ಕೊ."

ಮಧ್ಯಾಹ್ನ ಅವಳ ಮೈ ಕೆಂಡ. ಒಂದು ಹನಿ ಬೆವರಿಲ್ಲ. ನನ್ನ ಕೈ ಹಿಡಿದು "ಅಮ್ಮ, ಬಸ್ ಬಂತು, ಹತ್ತು" ಎಂದಳು. ನಂಜಿನ ಜ್ವರವೆಂದುಕೊಂಡು ಇನ್ನೊಂದು ಕಂಬಳಿ ಹೊದಿಸಿದೆ. ನವೀನ ಆಫೀಸಿಗೆ ಹೋಗಿದ್ದ. ಅವಳ ಕಣ್ಣು ಮೇಲಾದಾಗ ಪಕ್ಕದ ಮನೆಗೆ ಓಡಿದೆ.

ಆ ಮುದುಕಿ ಬಂದವಳೇ ಕಂಬಳಿ ಎಸೆದು, ತಲೆಬಟ್ಟೆ ಕಿತ್ತು, ಕಂಕುಳಿಗೆ ಐಸ್ ಇಟ್ಟು, ಎಸಿ ಹಾಕಿ ಆಂಬುಲೆನ್ಸ್ ಕರೆದಳು. ಆ ರಿಮೋಟಿನ ಯಾವ ಗುಂಡಿ ಯಾವುದಕ್ಕೆಂದು ನನಗೆ ಗೊತ್ತೂ ಇರಲಿಲ್ಲ.

ಮಗುವಿಗೆ ಏನೂ ಆಗಿರಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಶ್ರುತಿ ಉಳಿಯುತ್ತಿರಲಿಲ್ಲವೆಂದು ಡಾಕ್ಟರ್ ಹೇಳಿದರಂತೆ. ನವೀನ ನನ್ನ ಎದುರಿಗೇ ಅವರಿಗೆ, "ಎಸಿ ಬೇಡ ಅಂದಿದ್ದು ಅಜ್ಜಿ," ಎಂದ. ಬಿಲ್ಲಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲವಲ್ಲ.

ಎರಡು ದಿನದ ಮೇಲೆ ಶ್ರುತಿ ಬಾಯಿಬಿಟ್ಟಳು. "ಅವತ್ತು ಬೆಳಗ್ಗೆಯಿಂದ ಮೂರು ಸಲ ನೀರು ಕೇಳ್ದೆ, ಅಜ್ಜಿ."

ಅವಳು ಎಣಿಸಿದ್ದಳು. ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಈಗ ಯಾವ ಮನೆಗೆ ಹೋದರೂ ಮೊದಲು ಬಾಣಂತಿಯ ಕೈಗೆಟುಕುವಂತೆ ಒಂದು ಚೊಂಬು ನೀರಿಡುತ್ತೇನೆ. ಸೆಕೆಯೋ ಚಳಿಯೋ ಎಂದು ಅವಳನ್ನೇ ಕೇಳುತ್ತೇನೆ. ಹತ್ತೊಂಬತ್ತು ಮನೆಯಲ್ಲಿ ಕಲಿಯದ್ದನ್ನು ಇಪ್ಪತ್ತನೆಯದರಲ್ಲಿ, ಒಬ್ಬಳ ಜೀವ ಪಣಕ್ಕಿಟ್ಟು ಕಲಿತೆ.

ಶ್ರುತಿ ಫ್ಯಾಕ್ಟೋರಿಯಾಕ್ಕೆ ವಾಪಸು ಬಂದಿದ್ದಾಳೆ. ಎರಡನೆಯ ಬಾಣಂತನಕ್ಕೆ ಬೇರೆಯವಳನ್ನು ಗೊತ್ತುಮಾಡಿಕೊಂಡಳು. ಸರಿಯಾಗಿಯೇ ಮಾಡಿದಳು.